ಗಿರಗಟ್ಟೆಯ ಮಾತಾಡುವ ಉಳಿಗಳು

ಬಲು ಹಿಂದೆ, ಹೊಳೆಗಳೆಲ್ಲ ಒಂದಾಗಿ ಸೇರುವಲ್ಲಿ ಗಿರಗಟ್ಟೆ ಎಂಬ ರಾಜ್ಯವಿತ್ತು. ಅಲ್ಲಿ ಒಲೆಯಿಲ್ಲದ ಮನೆ ಬೇಕಾದರೆ ಸಿಕ್ಕೀತು, ತಿರುಗಣೆಯಿಲ್ಲದ ಮನೆ ಸಿಗುತ್ತಿರಲಿಲ್ಲ. ತಿರುಗಣೆ ಎಂದರೆ ಗೊತ್ತಲ್ಲ? ಲೋಹದ ಗಟ್ಟಿಯನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ ಗರಗರ ತಿರುಗಿಸುವುದು, ತಿರುಗುವ ಗಟ್ಟಿಗೆ ಉಳಿ ಹಿಡಿಯುವುದು. ಉಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾದು ಮೇಲಿನ ಲೋಹವನ್ನು ಸುಲಿಯುತ್ತದೆ. ಹಾಗೆ ಒಂದು ಸಲ ಹಾದರೆ ಅದಕ್ಕೆ 'ಒಂದು ಎಳೆ' ಎನ್ನುತ್ತಿದ್ದರು. ಎಳೆ ಎಳೆಯಾಗಿ ಸುಲಿದಂತೆ ಒಳಗಿಂದ ಚೊಂಬೋ ಗಂಟೆಯೋ ಹೊರಗೆ ಬರುತ್ತಿತ್ತು. ಹೊಳೆಯ ನೀರು ತಿರುಗಣೆಯನ್ನು ತಿರುಗಿಸುತ್ತಿತ್ತು, ಜನ ಉಳಿ ಹಿಡಿಯುತ್ತಿದ್ದರು, ರಾಜ ಅವರು ಮಾಡಿದ ಚೊಂಬಿನಲ್ಲಿ ನೀರು ಕುಡಿಯುತ್ತಿದ್ದ. ಎಲ್ಲಾ ಚೆನ್ನಾಗಿತ್ತು.

ಗಿರಗಟ್ಟೆಯ ಉಳಿಗಳು ಮಾತಾಡುತ್ತಿದ್ದವು. ಅದರಲ್ಲಿ ಬೆರಗಾಗುವಂಥದ್ದೇನಿಲ್ಲ, ಆ ಕಾಲದ ಉಳಿಗಳೇ ಹಾಗೆ. ಆದರೆ ಒಂದು ಕಟ್ಟಳೆ ಇತ್ತು. ಯಾವ ಉಳಿಯನ್ನು ಯಾರು ಮಸೆದು ಹರಿತ ಮಾಡುತ್ತಾರೋ, ಅದು ಅವರ ದನಿಯಲ್ಲೇ ಮಾತಾಡಬೇಕು.

ಈ ಕಟ್ಟಳೆಯಿಂದ ಬಹಳ ಪಾಡುಪಟ್ಟವಳು ಜಕ್ಕವ್ವ. ಕೇತೋಜನೆಂಬ ಕಂಚುಗಾರನ ಹೆಂಡತಿ. ಆ ಮನೆಯ ಉಳಿಗಳನ್ನೆಲ್ಲ ಮಸೆಯುತ್ತಿದ್ದವಳು ಅವಳ ಅತ್ತೆ ಬಾಗವ್ವ. ಬಾಗವ್ವನ ನಾಲಿಗೆ ಹರಿತವೋ ಉಳಿ ಹರಿತವೋ ಎಂದು ಕೇರಿಯವರು ಪಂದ್ಯ ಕಟ್ಟುತ್ತಿದ್ದರು. ಲೋಕದಲ್ಲಿ ಸೊಸೆಯಂದಿರಿಗೆ ಒಬ್ಬ ಅತ್ತೆಯನ್ನು ಸುಧಾರಿಸುವುದೇ ಕಷ್ಟ, ಪಾಪ, ಜಕ್ಕವ್ವನಿಗೆ ಗೋಡೆ ತುಂಬ ಅತ್ತೆಯರು! ಒಲೆ ಮುಂದೆ ಒಬ್ಬಳು ಬೈದು ಸುಮ್ಮನಾದರೆ, ಗೂಟಕ್ಕೆ ನೇತುಹಾಕಿದ ಉಳಿಗಳು ಅದೇ ದನಿಯಲ್ಲಿ ಶುರುಮಾಡುತ್ತಿದ್ದವು.

ಒಂದೇ ಒಂದು ಉಳಿ ಮಾತ್ರ ಜಕ್ಕವ್ವನದು. ಅದು ನಯದುಳಿ, ಕೊನೆಯಲ್ಲಿ ಹೊಳಪು ಕೊಡುವ ಉಳಿ. ಅದನ್ನು ಅವಳು ತವರಿಂದ ತಂದಿದ್ದಳು, ತಾನೇ ಮಸೆಯುತ್ತಿದ್ದಳು, ಅದು ಅವಳ ದನಿಯಲ್ಲೇ ಮಾತಾಡುತ್ತಿತ್ತು. ಅದರ ಬಾಯಲ್ಲಿ ಸದಾ ಇರುತ್ತಿದ್ದ ಮಾತು: "ಇನ್ನೊಂದೇ ಒಂದು ಎಳೆ."

ಆ ಮಾತನ್ನು ಕೇಳಿಯೇ ಜಕ್ಕವ್ವ ಕೆಟ್ಟದ್ದು. ಮದುವೆಯಾದ ಹೊಸದರಲ್ಲಿ ಗಂಡನಿಗೆಂದು ಒಂದು ಚೊಂಬು ಮಾಡಿದಳು. ಚೆನ್ನಾಗಿ ಬಂದಿತ್ತು. ಇನ್ನೊಂದೇ ಒಂದು ಎಳೆ, ಇನ್ನೂ ಹೊಳೆಯುತ್ತೆ ಅಂದಿತು ನಯದುಳಿ. ತೆಗೆದಳು. ಇನ್ನೊಂದು ಅಂದಿತು. ತೆಗೆದಳು. ಚೊಂಬು ಕನ್ನಡಿಯಂತೆ ಹೊಳೆಯಿತು, ತಳದಲ್ಲಿ ತೂತೂ ಬಿತ್ತು.

"ತೆಗೆದದ್ದನ್ನು ಮತ್ತೆ ಅಂಟಿಸೋಕೆ ಬರಲ್ಲ ಕಣೇ," ಅಂದಳು ಬಾಗವ್ವ. "ಕೈಗೆ ಕಸುಬು ಬಂದರೆ ಸಾಲದು, ನಿಲ್ಲಿಸೋದೂ ಬರಬೇಕು. ನಿನಗೆ ಅದೊಂದು ಬರಲಿಲ್ಲ."

ಕೇತೋಜ ಮಾತ್ರ ನಕ್ಕುಬಿಟ್ಟ. ಆ ಚೊಂಬನ್ನು ತುಳಸಿಗಿಡದ ಮೇಲೆ ತೂಗುಹಾಕಿ, ತೂತಿನಿಂದ ಹನಿ ಹನಿ ನೀರು ಬೀಳುವಂತೆ ಮಾಡಿದ. "ತಗೋ, ಗಿಡಕ್ಕೆ ನೀರುಣಿಸೋ ಚೊಂಬು ಊರಲ್ಲಿ ಯಾರ ಮನೇಲೂ ಇಲ್ಲ," ಅಂದ. ಅವನು ಅಂಥವನು. ಅವನ ಎಡಭುಜದಲ್ಲಿ ಹಲಸಿನ ಸಿಪ್ಪೆಯಂತೆ ಒರಟಾದ ಒಂದು ಕಲೆ ಇತ್ತು. ಎಳೆಯ ವಯಸ್ಸಿನಲ್ಲಿ ಕಾದ ಕಂಚು ಸಿಡಿದು ಸುಟ್ಟದ್ದು. ಜಕ್ಕವ್ವನಿಗೆ ಆ ಗಂಡನೆಂದರೆ ಪ್ರಾಣ.

ಹೀಗಿರುವಾಗ ಉತ್ತರದ ಗುಡ್ಡಗಳಲ್ಲಿ ನುಣ್ಣೋಜನೆಂಬ ಮಾಯಾವಿ ಎದ್ದ. ಅವನಿಗೆ ಒರಟು ಕಂಡರೆ ಆಗುತ್ತಿರಲಿಲ್ಲ. ಬಂಡೆಗಳನ್ನು ಕೆರೆದು ನುಣ್ಣಗೆ ಮಾಡಿದ, ಮರಗಳ ತೊಗಟೆ ಸುಲಿದ, ದಾರಿಯ ಕಲ್ಲುಮುಳ್ಳನ್ನೂ ಬಿಡಲಿಲ್ಲ. ಆಮೇಲೆ ಅವನ ಕಣ್ಣು ಜನರ ಮೇಲೆ ಬಿತ್ತು. ಮೊಡವೆ, ಸುಕ್ಕು, ನರುಲಿ, ಬಿರುಕುಬಿಟ್ಟ ಹಿಮ್ಮಡಿ! ಥೂ ಎಂದ. ಸಿಕ್ಕಸಿಕ್ಕವರನ್ನೆಲ್ಲ ಹಿಡಿದು, ಮಂತ್ರ ಹಾಕಿ, ಕಂಬದಷ್ಟು ದಪ್ಪನೆಯ ನುಣುಪಾದ ಲೋಹದ ಕಂಬಿಗಳನ್ನಾಗಿ ಮಾಡಿ ತನ್ನ ಕೋಟೆಯಲ್ಲಿ ಸಾಲಾಗಿ ನಿಲ್ಲಿಸಿದ. ರಾಜನೂ ಕಾಣೆಯಾದ, ರಾಣಿಯೂ ಕಾಣೆಯಾದಳು. ಸಂತೆಗೆ ಗಂಟೆ ಮಾರಲು ಹೋದ ಕೇತೋಜನೂ ಮನೆಗೆ ಬರಲಿಲ್ಲ.

ಒಂದು ದಿನ ನುಣ್ಣೋಜ ಡಂಗುರ ಸಾರಿಸಿದ. "ಕಂಬಿಯೊಳಗಿನ ಮನುಷ್ಯರನ್ನು ತಿರುಗಣೆಯಲ್ಲಿ ಸುಲಿದು ಹೊರಗೆ ತೆಗೆಯಬಲ್ಲವರು ಯಾರಾದರೂ ಇದ್ದರೆ ಬನ್ನಿ. ನಾನು ಹೇಳಿದ ಮೂವರನ್ನು ಗಾಯವಿಲ್ಲದೆ ತೆಗೆದರೆ ಎಲ್ಲರನ್ನೂ ಬಿಡುತ್ತೇನೆ. ಒಂದು ಗೀರು ಬಿದ್ದರೂ ಗಾಯವಾದವರು ಸಾಯುತ್ತಾರೆ, ಉಳಿ ಹಿಡಿದವರು ಕಂಬಿಯಾಗುತ್ತಾರೆ."

ಜಕ್ಕವ್ವ ಸೆರಗು ಸಿಕ್ಕಿಸಿದಳು. "ಅತ್ತೆ, ನಾನು ಹೋಗ್ತೀನಿ."

ಬಾಗವ್ವ ಬೈಯುತ್ತಾಳೆ ಅಂದುಕೊಂಡಿದ್ದಳು. ಬಾಗವ್ವ ಬೈಯಲಿಲ್ಲ. ಗೋಡೆಯಿಂದ ಮೂರು ಉಳಿ ಇಳಿಸಿದಳು. ದಪ್ಪ ಮೂಗಿನ ಒರಟುಳಿ, ನೆತ್ತಿ ಸಪಾಟಾದ ಚಪ್ಪಟೆಯುಳಿ, ಎಲೆಯಂತೆ ತೆಳ್ಳಗಿನ ಕಡಿಯುಳಿ. ಮೂರನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಸೊಸೆಯ ಕೈಗಿಟ್ಟಳು.

"ನನ್ನ ಕಣ್ಣು ಮಂಜಾಗಿದೆ, ಇಲ್ಲದಿದ್ದರೆ ನಾನೇ ಹೋಗ್ತಿದ್ದೆ. ಇವು ಹೇಳಿದಂತೆ ಕೇಳು. ಕಡಿಯುಳಿಯನ್ನ ಕೊನೇವರೆಗೂ ಬಿಚ್ಚಬೇಡ, ಅದು ಕಡಿದಮೇಲೆ ಮುಗೀತು. ನಿನ್ನ ಆ ಹಾಳು ನಯದುಳಿಯನ್ನ ಮನೇಲೇ ಬಿಟ್ಟುಹೋಗು."

"ಕಂಬಿ ಉಕ್ಕಿನದಾದರೆ ಅದಿಲ್ಲದೆ ಕೊನೆಯ ಪದರ ತೆಳು ಮಾಡೋಕೆ ಆಗಲ್ಲ ಅತ್ತೆ."

"ಅದೂ ನಿಜವೇ," ಅಂದಳು ಬಾಗವ್ವ. "ನನ್ನ ಮಗನನ್ನ ಕರಕೊಂಡು ಬಾ ಜಕ್ಕಿ. ಹೋಗಿ ಬಾ."

ಜಕ್ಕವ್ವ ಹೊರಟಳು. ನುಣ್ಣೋಜನ ಸೀಮೆ ಸೇರಿದ ಕೂಡಲೇ ಜಾರಿ ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ಒರಟೇ ಇಲ್ಲದ ನೆಲದಲ್ಲಿ ಕಾಲು ಎಲ್ಲಿ ನಿಂತೀತು? ಕೊನೆಗೆ ತೆಂಗಿನ ನಾರಿನ ಹಗ್ಗವನ್ನು ಅಂಗಾಲಿಗೆ ಸುತ್ತಿಕೊಂಡು, ಒಂದೊಂದೇ ಹೆಜ್ಜೆಯಿಟ್ಟು ಕೋಟೆ ತಲುಪಿದಳು.

ಕೋಟೆಯ ನಡುವೆ ಮನೆಯಷ್ಟು ದೊಡ್ಡ ತಿರುಗಣೆ. ಅದನ್ನು ತಿರುಗಿಸಲು ಒಂದು ಕಂಚಿನ ಗೂಳಿ, ಮಾಯೆಯ ಗೂಳಿ, ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಕಂಚಿನದಾದರೇನು, ನೊಗ ಉಜ್ಜಿ ಉಜ್ಜಿ ಹೆಗಲು ಹುಣ್ಣಾಗಿತ್ತು. ಜಕ್ಕವ್ವನಿಗೆ ನೋಡಲಾಗಲಿಲ್ಲ. ಉಳಿಗೆಂದು ತಂದಿದ್ದ ಹರಳೆಣ್ಣೆಯನ್ನು ಆ ಹುಣ್ಣಿಗೆ ಸವರಿ, ಉಳಿ ಸುತ್ತಿದ್ದ ಸೀರೆಯ ತುಂಡಿನಲ್ಲಿ ಅರ್ಧ ಹರಿದು, ಮಡಿಸಿ ನೊಗದಡಿ ಇಟ್ಟಳು. "ನೋವಾಯ್ತೇನಪ್ಪಾ ಬಸವಾ," ಅಂದಳು. ಗೂಳಿಯ ಕಣ್ಣಲ್ಲಿ ನೀರು ಬಂತು.

ನುಣ್ಣೋಜ ಬಂದ. ಅವನ ಮೈಮೇಲೆ ಒಂದು ಕೂದಲಿಲ್ಲ, ಮುಖದಲ್ಲಿ ಒಂದು ಗೆರೆಯಿಲ್ಲ. ಕೊರಳಲ್ಲಿ ರಾಗಿಕಾಳಿನಷ್ಟು ಸಣ್ಣ ಚಿನ್ನದ ಗುಂಡು ತೂಗುತ್ತಿತ್ತು.

"ಇದೇ ನನ್ನ ಶಕ್ತಿ," ಅಂದ ಅವನು, ಹೆಮ್ಮೆಯಿಂದ. "ನನ್ನ ಗುರು ಕೊಟ್ಟಾಗ ತೆಂಗಿನಕಾಯಿಯಷ್ಟಿತ್ತು. ದಿನಾ ತಿರುಗಣೆಗೆ ಹಾಕಿ ನಯ ಮಾಡುತ್ತೇನೆ. ನೋಡು, ಎಷ್ಟು ಚೆಂದ ಬಂದಿದೆ!"

ಚೆಂದ ಬಂದಿದೆ, ಆದರೆ ಉಳಿದಿರೋದೆಷ್ಟು ಅಂತ ಜಕ್ಕವ್ವನಿಗೆ ಕೇಳಬೇಕೆನಿಸಿತು. ಆ ಗುಂಡನ್ನು ನೋಡಿ ಅವಳಿಗೆ ತನ್ನ ತೂತು ಚೊಂಬು ನೆನಪಾಯಿತು.

ಮೊದಲ ಕಂಬಿ ಬೀಡುಕಬ್ಬಿಣದ್ದು, ಕಪ್ಪಗೆ. ಗೂಳಿ ಸುತ್ತಿತು, ಕಂಬಿ ತಿರುಗಿತು. ಒಳಗಿರುವವರಿಗೆ ತಲೆ ಸುತ್ತುವುದಿಲ್ಲವೇ ಎಂದು ಕೇಳಬೇಡಿ, ಮಾಯೆಯ ನಿದ್ದೆಯಲ್ಲಿದ್ದವರಿಗೆ ಅದೆಲ್ಲ ತಿಳಿಯುವುದಿಲ್ಲ. ಜಕ್ಕವ್ವ ಒರಟುಳಿ ಹಿಡಿದಳು. ಒಳಗೆ ಮನುಷ್ಯಜೀವ ಇದೆಯಲ್ಲಾ ಎಂದು ಹೆದರಿ, ಮೇಲೆ ಮೇಲೆ ಸವರಿದಳು. ಕಿರ್ರೋ ಎಂದು ಸದ್ದಾಯಿತು, ಕಿಡಿ ಹಾರಿತು.

"ಅಯ್ಯೋ ನನ್ನ ಮೂಗು!" ಒರಟುಳಿ ಬಾಗವ್ವನ ದನಿಯಲ್ಲಿ ಕಿರುಚಿತು. "ಮಗುವಿಗೆ ಎಣ್ಣೆ ಹಚ್ಚೋ ಹಾಗೆ ಸವರ್ತೀಯಲ್ಲೇ! ಬೀಡಿನ ಹೊರಪದರ ಬೆಂದು ಕಲ್ಲಾಗಿರುತ್ತೆ. ಅದರ ಮೇಲೆ ಉಜ್ಜಿದರೆ ನಾನು ಮೊಂಡಾಗ್ತೀನಿ, ಅದು ಹಾಗೇ ಇರುತ್ತೆ. ಪದರದ ಅಡಿಗೆ ಹೋಗು, ಧೈರ್ಯವಾಗಿ, ಒಂದೇ ಸಲ!"

ಜಕ್ಕವ್ವ ಕುಲದೇವರನ್ನು ನೆನೆದು ಉಳಿಯನ್ನು ಆಳಕ್ಕೆ ಇಳಿಸಿದಳು. ಗಟ್ಟಿಪದರ ಚೂರುಚೂರಾಗಿ ಉದುರಿತು, ಅಡಿಯ ಲೋಹ ಮೆತ್ತಗೆ ಕರಿಪುಡಿಯಾಗಿ ಸುರಿಯಿತು. ಕಂಬಿ ತೆಳ್ಳಗಾದಂತೆ ಒಳಗಿದ್ದವರ ಮೈಯ ಉಬ್ಬುತಗ್ಗು ಮೇಲೆ ಮೂಡುತ್ತಾ ಬಂತು. ಉಸಿರಾಟದ ಸದ್ದು ಕೇಳಿದ ಕೂಡಲೇ ಉಳಿ ತೆಗೆದಳು. ಕೊನೆಗೆ ಕಡಿಯುಳಿ ಹಿಡಿದು ಕಂಬಿಯ ಎರಡು ತುದಿಗಳನ್ನು ಕಡಿದಳು. ಕಡಿಯುವ ಮುಂಚೆ ಗಿರಗಟ್ಟೆಯ ಕಸುಬಿನವರೆಲ್ಲ ಹೇಳುವ ಮಾತು ಹೇಳಿದಳು: "ಹೋಗಿ ಬಾ." ತಮ್ಮ ಕೈಯಿಂದ ಬೇರೆಯಾಗಿ ಹೋಗುವ ವಸ್ತುವಿಗೆ ಅಷ್ಟೂ ಹೇಳದಿದ್ದರೆ ಹೇಗೆ? ಉಳಿದ ತೆಳುಪದರ ಕಡಲೆಕಾಯಿ ಸಿಪ್ಪೆಯ ಹಾಗೆ ಬಿರಿಯಿತು. ಅಗಸರ ಸಿಂಗಿ ಸೀನುತ್ತಾ ಎದ್ದು ಕೂತು, "ನನ್ನ ಬಟ್ಟೆಗಂಟು ಎಲ್ಲಿ?" ಅಂದಳು. ಒಂದು ಗೀರೂ ಇರಲಿಲ್ಲ.

ಎರಡನೆಯದು ಹಿತ್ತಾಳೆಯದು. ನುಣ್ಣೋಜ ನಗುತ್ತಾ ತನ್ನ ಉಳಿಯೊಂದನ್ನು ಚಾಚಿದ. ಅದರ ಮೂತಿ ಹದ್ದಿನ ಕೊಕ್ಕಿನಂತೆ ಬಾಗಿ ಫಳಫಳ ಹೊಳೆಯುತ್ತಿತ್ತು. "ತಗೋ ತಾಯಿ. ಉಕ್ಕನ್ನೇ ಕೊಯ್ಯೋ ಉಳಿ ಇದು. ಹಿತ್ತಾಳೆ ಅಂದರೆ ಇದಕ್ಕೆ ಬೆಣ್ಣೆ."

ಜಕ್ಕವ್ವ ಕೈ ಚಾಚಿದ್ದೇ ತಡ, ಸೀರೆತುಂಡಿನೊಳಗಿಂದ ಚಪ್ಪಟೆಯುಳಿ ಗೊಣಗಿತು. "ಮುಟ್ಟಬೇಡ. ಮೆತ್ತಗಿರೋರ ಹತ್ತಿರ ಹರಿತ ತೋರಿಸಬಾರದು. ಆ ಕೊಕ್ಕನ್ನ ಹಿತ್ತಾಳೆ ಒಳಗೆ ಎಳಕೊಂಡುಬಿಡುತ್ತೆ. ಆಮೇಲೆ ನೀನು ಬೇಡ ಅಂದರೂ ಉಳಿ ನಿಲ್ಲಲ್ಲ, ಒಳಗಿರೋರ ಎದೆಗೇ ಹೋಗುತ್ತೆ. ನಾನು ಮೊಂಡು ಮುಖದವಳು. ನಿಧಾನವಾಗಿ ಕೆರೀತೀನಿ, ಆದರೆ ಬಾ ಅಂದರೆ ಬರ್ತೀನಿ, ನಿಲ್ಲು ಅಂದರೆ ನಿಲ್ತೀನಿ."

"ಬೇಡ ಸ್ವಾಮಿ, ನಮ್ಮತ್ತೆಯ ಉಳಿಯೇ ಸಾಕು," ಅಂದಳು ಜಕ್ಕವ್ವ. ಹೀಗೆ ಹೇಳಬೇಕಾದ ದಿನ ಬಂತಲ್ಲಾ ಎಂದು ಅವಳಿಗೇ ನಗು ಬಂತು.

ಚಪ್ಪಟೆಯುಳಿ ಕೆರೆದಂತೆ ಹಿತ್ತಾಳೆ ಹಳದಿ ರವೆಯಾಗಿ ಸಿಡಿಯಿತು, ಅವಳ ತಲೆಗೂದಲ ತುಂಬ ಕೂತಿತು. ಹೊತ್ತು ಹಿಡಿಯಿತು, ನುಣ್ಣೋಜ ಆಕಳಿಸಿದ. ಉಸಿರಿನ ಸದ್ದು ಬಂದಾಗ ಅವಳು ನಿಲ್ಲು ಅಂದಳು, ಉಳಿ ನಿಂತಿತು. ಹೋಗಿ ಬಾ ಎಂದು ಕಡಿದಳು. ಹೊರಗೆ ಬಂದವಳು ಗಿರಗಟ್ಟೆಯ ರಾಣಿ. ಕಣ್ಣುಬಿಟ್ಟವಳೇ, "ಮಹಾರಾಜರು ಎಲ್ಲಿ?" ಎಂದು ಕೇಳಿದಳು. ಗೂಳಿ ತಲೆ ತಗ್ಗಿಸಿತು.

ಮೂರನೆಯ ಕಂಬಿ ಉಕ್ಕಿನದು. ಅದು ಯಾರು ಎಂದು ಜಕ್ಕವ್ವ ಕೇಳಬೇಕಾಗಿರಲಿಲ್ಲ, ಅವಳ ಎದೆ ಹೊಡೆದುಕೊಳ್ಳತೊಡಗಿತು. ಒರಟುಳಿಯಿಂದ ಮೇಲಿನದನ್ನೆಲ್ಲ ಸುಲಿದಳು. ಉಕ್ಕು ಉದ್ದುದ್ದ ಸುರುಳಿಯಾಗಿ, ನೀಲಿ ಬಣ್ಣಕ್ಕೆ ತಿರುಗಿ, ಅವಳ ಕಾಲ ಬಳಿ ರಾಶಿ ಬಿತ್ತು. ಆಮೇಲೆ ನಯದುಳಿ ಹಿಡಿದಳು. ತೆಳುವಾಗಿ ಒಂದು ಎಳೆ, ಇನ್ನೊಂದು ಎಳೆ. ಕೇತೋಜನ ಹಣೆ ಮೂಡಿತು, ಮೂಗು ಮೂಡಿತು, ನಗುವ ಬಾಯಿ ಮೂಡಿತು. ಅವಳ ಕಣ್ಣು ತುಂಬಿತು. ಉಸಿರಿನ ಸದ್ದೂ ಕೇಳಿತು.

ಉಳಿ ತೆಗೆಯಬೇಕು ಅನ್ನುವಷ್ಟರಲ್ಲಿ ನುಣ್ಣೋಜ ಬಗ್ಗಿ ನೋಡಿದ. "ಅಯ್ಯಯ್ಯೋ, ಇಲ್ಲಿ ನೋಡು. ಮೈಯೆಲ್ಲ ಇಷ್ಟು ನಯವಾಗಿ ಮಾಡಿ, ಎಡಗಡೆ ಒಂದು ಅಂಗೈಯಗಲ ಒರಟಾಗಿ ಬಿಟ್ಟಿದ್ದೀಯಲ್ಲ! ಉಳಿ ಅದುರಿರಬೇಕು. ಹೀಗೇ ಬಿಟ್ಟರೆ ನೋಡಿದವರು ಏನಂದಾರು?"

ಹೌದು, ಒರಟಾಗಿತ್ತು. ತಿರುಗುವ ಕಂಬಿಯಲ್ಲಿ ಅದೊಂದು ಕಡೆ ಮಾತ್ರ ಮಂಕಾಗಿ ಮಿನುಗುತ್ತಿತ್ತು. ಜಕ್ಕವ್ವನ ಕೈ ತುರಿಸಿತು. ಕೆಲಸ ಬಲ್ಲವರಿಗೆ ಗೊತ್ತು ಆ ತುರಿಕೆ.

"ಇನ್ನೊಂದೇ ಒಂದು ಎಳೆ," ಅಂದಿತು ನಯದುಳಿ, ಅವಳದೇ ದನಿಯಲ್ಲಿ, ಮೆಲ್ಲಗೆ. "ಕೂದಲೆಳೆಯಷ್ಟು. ಏನೂ ಆಗಲ್ಲ."

ಜಕ್ಕವ್ವ ಅತ್ತೆಯ ಉಳಿಗಳ ಕಡೆ ನೋಡಿದಳು. ಏನಾದರೂ ಹೇಳಿಯಾವು, ಬೈದಾವು ಎಂದು ಕಾದಳು. ಅವು ತುಟಿಪಿಟಕ್ಕೆನ್ನಲಿಲ್ಲ. ಇದು ಅವಳೇ ಮಸೆದ ಉಳಿಯ ಮಾತು, ಅವಳೇ ಉತ್ತರ ಹೇಳಬೇಕಾದ ಮಾತು.

ಉಳಿಯ ಮೊನೆ ಒರಟಿನ ಹತ್ತಿರ ಹೋಯಿತು. ಕಣ್ಣಿಗೆ ಕಾಣುವುದನ್ನೇ ನಂಬಿ ಚೊಂಬು ತೂತು ಮಾಡಿದ್ದೆನಲ್ಲಾ ಎಂದು ಅವಳಿಗೆ ಆಗ ಹೊಳೆಯಿತು. ಕೈಯಿಂದ ಮುಟ್ಟಿ ನೋಡಿದ್ದರೆ ತಳ ತೆಳ್ಳಗಾದದ್ದು ತಿಳಿಯುತ್ತಿತ್ತು. ಆದರೆ ಮುಟ್ಟಬೇಕಾದರೆ ತಿರುಗುವುದು ನಿಲ್ಲಬೇಕು, ಹೊಳಪಿನ ಆಸೆಯಲ್ಲಿ ನಿಲ್ಲಿಸುವವರು ಯಾರು?

"ನಿಲ್ಲಪ್ಪಾ ಬಸವಾ," ಅಂದಳು.

"ನನ್ನ ಅಪ್ಪಣೆಯಿಲ್ಲದೆ ಅದು ನಿಲ್ಲುವುದಿಲ್ಲ!" ಎಂದ ನುಣ್ಣೋಜ.

ಗೂಳಿ ನಿಂತಿತು. ನುಣ್ಣೋಜ ಬಾರುಕೋಲಿನಿಂದ ಬಾರಿಸಿದ, ಅದು ಕದಲಲಿಲ್ಲ. ಹೆಗಲಿಗೆ ಎಣ್ಣೆ ಹಚ್ಚಿದ ಕೈಯನ್ನು ಅದು ಮರೆತಿರಲಿಲ್ಲ.

ಜಕ್ಕವ್ವ ಉಳಿ ಕೆಳಗಿಟ್ಟು ಅಂಗೈಯನ್ನು ಆ ಒರಟಿನ ಮೇಲಿಟ್ಟಳು. ಎಡಭುಜ. ಹಲಸಿನ ಸಿಪ್ಪೆ. ಅಯ್ಯೋ ದೇವರೇ! ಇದು ಉಳಿ ಅದುರಿದ ಗುರುತಲ್ಲ, ಉಳಿದ ಉಕ್ಕೂ ಅಲ್ಲ, ಇದು ಅವನ ಸುಟ್ಟ ಕಲೆ. ಉಕ್ಕು ಇಲ್ಲಿ ಈರುಳ್ಳಿ ಸಿಪ್ಪೆಯಷ್ಟೂ ಇಲ್ಲ. ಇನ್ನೊಂದು ಎಳೆ ತೆಗೆದಿದ್ದರೆ ಅವನ ಮಾಂಸ ಬರುತ್ತಿತ್ತು, ಪ್ರಾಣ ಹೋಗುತ್ತಿತ್ತು. ಅವಳು ಅಲ್ಲೇ ಕೂತು ಒಂದಿಷ್ಟು ಹೊತ್ತು ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ನಯದುಳಿಗೆ ಹೇಳಿದಳು: "ಸಾಕು."

ಕಡಿಯುಳಿ ಬಿಚ್ಚಿದಳು, ಗೂಳಿಗೆ ತಿರುಗು ಅಂದಳು. "ಹೋಗಿ ಬನ್ನಿ," ಅಂದಳು, ಎಷ್ಟಾದರೂ ಗಂಡನಲ್ಲವೇ. ಎರಡು ತುದಿಯೂ ಕಡಿದು ಬಿತ್ತು, ಸಿಪ್ಪೆ ಬಿರಿಯಿತು, ಕೇತೋಜ ಮೈಮುರಿದು ಎದ್ದ. ಹೆಂಡತಿಯ ಕೂದಲಲ್ಲಿದ್ದ ಹಿತ್ತಾಳೆಯ ರವೆ ನೋಡಿ, "ಏನೇ ಇದು, ಚಿನ್ನದ ಮಳೆ ಬಂತೇ?" ಅಂದ. ಅವನ ಮೈಮೇಲೆ ಒಂದೇ ಒಂದು ಕಲೆ ಇತ್ತು, ಅದು ಹಳೆಯದು.

ನುಣ್ಣೋಜನಿಗೆ ಆ ಕಲೆ ನೋಡಿ ತಡೆಯಲಾಗಲಿಲ್ಲ. "ಒರಟು ಉಳಿದಿದೆ! ಮಾತು ಮುರಿಯಿತು! ನಿಮ್ಮಿಬ್ಬರನ್ನೂ ಈಗಲೇ ಕಂಬಿ ಮಾಡುತ್ತೇನೆ," ಎಂದು ಕೊರಳ ಚಿನ್ನದ ಗುಂಡನ್ನು ಬಾಯಿಯ ಹತ್ತಿರ ತಂದು ಮಂತ್ರ ಶುರುಮಾಡಿದ. ಸಿಟ್ಟಿನ ಬಿಸಿಯುಸಿರು ತಾಗಿ ಗುಂಡು ಮಂಕಾಯಿತು. ಅವನ ಮಂತ್ರ ಅರ್ಧಕ್ಕೇ ನಿಂತಿತು. ಮಂಕು! ತನ್ನ ಗುಂಡಿನ ಮೇಲೆ! ಮಂತ್ರ ಬಿಟ್ಟು, ಪಕ್ಕದ ಪುಟ್ಟ ತಿರುಗಣೆಗೆ ಗುಂಡು ಸಿಕ್ಕಿಸಿ ಉಳಿ ಹಿಡಿದ.

ಜಕ್ಕವ್ವ ಓಡಿಹೋಗಬಹುದಿತ್ತು. ಆದರೆ ಅವನ ಕೈಯಲ್ಲಿ ತನ್ನದೇ ತುರಿಕೆ ಕಂಡು ಅವಳಿಗೆ ಕನಿಕರವಾಯಿತು. "ಸಾಕು ಬಿಡಿ ಸ್ವಾಮಿ," ಅಂದಳು. "ಅದರಲ್ಲಿ ಇನ್ನೇನೂ ಉಳಿದಿಲ್ಲ. ತೆಗೆದದ್ದನ್ನ ಮತ್ತೆ ಅಂಟಿಸೋಕೆ ಬರಲ್ಲ."

"ಇನ್ನೊಂದೇ ಒಂದು ಎಳೆ," ಅಂದ ನುಣ್ಣೋಜ, ಕಣ್ಣೆತ್ತದೆ.

ತೆಗೆದ. ಗುಂಡು ಇರಲಿಲ್ಲ. ಗಾಳಿಯಲ್ಲಿ ಒಂದು ಚಿಟಿಕೆ ಚಿನ್ನದ ಪುಡಿ ಹಾರಿ, ಅದೂ ಹೋಯಿತು.

ಆ ಕ್ಷಣವೇ ಕೋಟೆಯ ಕಂಬಿಗಳೆಲ್ಲ ಬಿರಿದವು. ಕೆಮ್ಮುತ್ತಾ, ಆಕಳಿಸುತ್ತಾ, ಒಬ್ಬರನ್ನೊಬ್ಬರು ಕೂಗುತ್ತಾ ಊರಿಗೆ ಊರೇ ಎದ್ದುಬಂತು. ಮರಗಳಿಗೆ ತೊಗಟೆ ಮೂಡಿತು, ಬಂಡೆಗಳು ಒರಟಾದವು. ನೊಗದ ಕೆಳಗೆ ಗೂಳಿಯ ಬದಲು ಗಿರಗಟ್ಟೆಯ ರಾಜ ನಿಂತಿದ್ದ, ಹೆಗಲ ಮೇಲೆ ಸೀರೆತುಂಡು ಹೊದ್ದು. ರಾಣಿ ಓಡಿಬಂದು ಅವನ ಕೈ ಹಿಡಿದಳು. ಜಕ್ಕವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು. "ತಪ್ಪಾಯಿತು ಮಹಾಪ್ರಭು, ಬಸವಾ ಅಂದುಬಿಟ್ಟೆ."

"ಕಂಬಿಯಾಗಲ್ಲ ಅಂತ ಹಟ ಮಾಡಿದ್ದಕ್ಕೆ ನನ್ನನ್ನು ಗೂಳಿ ಮಾಡಿದ್ದ," ಎಂದು ರಾಜ ನಕ್ಕ. "ಇಷ್ಟು ಕಾಲದಲ್ಲಿ ನನ್ನನ್ನು ನೋವಾಯ್ತಾ ಅಂತ ಕೇಳಿದವಳು ನೀನೊಬ್ಬಳೇ ತಾಯಿ. ಹಾಗೇ ಕರಿ."

ನುಣ್ಣೋಜ ಏನಾದ? ಮೈತುಂಬ ಸುಕ್ಕಿನ ಒಬ್ಬ ಮುದುಕನಾಗಿ, ತನ್ನ ಅಂಗೈಯ ಗೆರೆಗಳನ್ನು ತಾನೇ ಮುಟ್ಟಿ ನೋಡುತ್ತಾ ಕೂತಿದ್ದ. ಇವನಿಗೇನು ಶಿಕ್ಷೆ ಎಂದು ರಾಜ ಕೇಳಿದ. ನಮ್ಮತ್ತೆಗೆ ಕಣ್ಣು ಮಂಜು, ಮಸೆಗಲ್ಲಿಗೆ ನೀರು ಹಾಕೋಕೆ ಒಬ್ಬರು ಬೇಕು ಅಂದಳು ಜಕ್ಕವ್ವ. ಬಾಗವ್ವನ ಬಾಯಿ ಬಲ್ಲವರೆಲ್ಲ ಅಷ್ಟು ಶಿಕ್ಷೆ ಸಾಕು ಸಾಕು ಎಂದು ಒಪ್ಪಿದರು.

ಮನೆಗೆ ಬಂದಾಗ ಬಾಗವ್ವ ಬಾಗಿಲಲ್ಲೇ ಕೂತಿದ್ದಳು. ಕಣ್ಣು ಸರಿಯಾಗಿ ಕಾಣದು. ಮಗನ ಮುಖ ಸವರಿದಳು, ತೋಳು ಸವರಿದಳು, ಎಡಭುಜ ಸಿಕ್ಕಿದ ಕೂಡಲೇ ಕೈ ಅಲ್ಲೇ ನಿಂತಿತು. ಒರಟು ಹಾಗೇ ಇತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನಿಲ್ಲಿಸಿದೆಯಲ್ಲೇ ಜಕ್ಕಿ," ಅಂದಳು ಕೊನೆಗೆ.

ಅಷ್ಟೇ ಅಂದದ್ದು. ಆದರೆ ಮಾರನೆಯ ಬೆಳಗ್ಗೆ ತನ್ನ ಮಸೆಗಲ್ಲನ್ನು ಎತ್ತಿ ಸೊಸೆಯ ಮುಂದಿಟ್ಟಳು. ಅಂದಿನಿಂದ ಆ ಮನೆಯ ಉಳಿಗಳನ್ನೆಲ್ಲ ಜಕ್ಕವ್ವನೇ ಮಸೆದಳು. ದಿನ ಕಳೆದಂತೆ ಗೋಡೆಯ ಉಳಿಗಳೆಲ್ಲ ಅವಳ ದನಿಗೆ ತಿರುಗಿದವು. ಕಡಿಯುಳಿಯೊಂದನ್ನು ಮಾತ್ರ ಅವಳು ಅತ್ತೆಯಿಂದಲೇ ಮಸೆಸಿದಳು. ಬಾಗವ್ವ ತೀರಿಕೊಂಡ ಮೇಲೂ ಆ ಮನೆಯಿಂದ ಯಾರಾದರೂ ಹೊರಟರೆ, ಗೋಡೆಯ ಮೇಲಿಂದ ಮುದುಕಿಯ ದನಿ ಕೇಳುತ್ತಿತ್ತು: ಹೋಗಿ ಬಾ.

ತುಳಸಿಗೆ ಚೊಂಬು ಹನಿಯುತ್ತಿತ್ತು, ಹೊಳೆ ಹರಿಯುತ್ತಿತ್ತು, ತಿರುಗಣೆ ತಿರುಗುತ್ತಿತ್ತು, ಎಲ್ಲರೂ ಸುಖವಾಗಿದ್ದರು. ಇನ್ನೂ ಒಂದಿಷ್ಟು ಹೇಳು ಎಂದು ನೀವು ಕೇಳುತ್ತೀರಿ, ನನಗೂ ನಾಲಿಗೆ ತುರಿಸುತ್ತಿದೆ. ಬೇಡ. ಇನ್ನೊಂದು ಎಳೆ ತೆಗೆದರೆ ಕತೆ ತೂತು ಬಿದ್ದೀತು.